ಕಪ್ಪೆ ಕುಣಿತ

ರೀ, ನಾನು ಅಂಗಡಿಗೆ ಹೊರಟೆ. ಮಗಳ ಡ್ಯಾನ್ಸ್ ಕ್ಲಾಸಿಗೆ ಇವತ್ತು ನೀವೇ ಹೋಗಿ. ಗೇಟಿನಲ್ಲಿ ಇಳಿಸಿ ಓಡಿ ಬರಬೇಡಿ, ಒಳಗೆ ಹೋಗಿ ಮಾತಾಡಿ.

ಕ್ಲಾಸಿನಲ್ಲಿ ಅವಳಿಗೆ ಕೊಟ್ಟ, ಬೆನ್ನೇ ಇಲ್ಲದ ಆ ಬ್ಲೌಸಿಗೆ ಬಟ್ಟೆ ಸೇರಿಸಿ ಹೊಲಿದಿದ್ದೇನೆ. ಡ್ಯಾನ್ಸ್ ಮೇಡಂ ಕಿತ್ತುಹಾಕಿ ಅಂದರೆ ಜಗ್ಗಬೇಡಿ. ತುಟಿ ಕಚ್ಚಿ ಕಣ್ಣು ಹೊಡೆಯುವ ಸ್ಟೆಪ್ಪೂ ಬೇಡ ಅನ್ನಿ. ಬಸ್ ಓಡಿಸುವಾಗ ದಾರಿಯವರಿಗೆಲ್ಲ ಬೈಯುವ ನಿಮಗೆ ಅಲ್ಲಿ ಮಾತ್ರ ಯಾಕೆ ಬಾಯಿ ಕಟ್ಟುತ್ತದೆ?

ಅವಳು ಆ ಸ್ಟೆಪ್ ಹಾಕಿದ್ದನ್ನು ನೀವು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೀರಲ್ಲ, ಆ ವಿಡಿಯೋ ಮೊದಲು ತೆಗೆದುಹಾಕಿ. ನಿಮ್ಮಣ್ಣ "ಹೀರೋಯಿನ್" ಅಂತ ಬರೆದದ್ದು ನೋಡಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಏಳು ವರ್ಷ ಕಣ್ರೀ.

ಬೆಳಿಗ್ಗೆ ಹಲ್ಲುಜ್ಜುತ್ತಾ ಕಪ್ಪೆಯ ಹಾಗೆ ಕುಪ್ಪಳಿಸಿ ಕುಣಿದಳು. ನಾನು ಚಪ್ಪಾಳೆ ತಟ್ಟಿದೆ. ತಟಕ್ಕನೆ ನಿಂತು ಕೇಳಿದಳು: "ಇದು ಅಪ್ಪ ಗ್ರೂಪಿಗೆ ಹಾಕೋಷ್ಟು ಚೆನ್ನಾಗಿಲ್ಲ, ಅಲ್ವಾ ಅಮ್ಮ?"