ಎಫ್ 12 ಒತ್ತಿದಾಗ ಕಂಡ ಸಾಲು

ಜೂನ್ 9, ಸೋಮವಾರ. ಮಧ್ಯಾಹ್ನ 1.15

ಶಿಗ್ಗಾವಿ, ನೀರು ಪರೀಕ್ಷೆಯ ಲ್ಯಾಬು. ಬುತ್ತಿ ಮುಗಿಯಿತು. ಲ್ಯಾಬಿನ ಮುಖ್ಯಸ್ಥ ಮುಜಾಫರ ಸರ್ ಸವಣೂರಿಗೆ ಹೋಗಿದ್ದಾರೆ.

ಇವತ್ತು ನನ್ನ ಮರ್ಯಾದೆ ಹೋಯಿತು. ರಿಪೋರ್ಟ್ ತಯಾರಿಸುವ ಕೋಡ್‌ನಲ್ಲಿ ಒಂದು ಫಂಕ್ಷನ್ (ಒಂದು ಕೆಲಸದ ಸಾಲುಗಳ ಗುಂಪು) ಎಲ್ಲಿ ಬರೆದಿದೆ ಎಂದು ಹುಡುಕಬೇಕಾದರೆ ಒಂದೊಂದೇ ಫೈಲ್ ತೆರೆದು ಕೆಳಗೆ ಎಳೆಯುತ್ತ ಕೂರುವವಳು ನಾನು. ಹೋದ ವಾರ ಸೇರಿದ ದಿಲ್ಶಾದ ಬೆನ್ನ ಹಿಂದೆ ನಿಂತು ನೋಡಿದಳು. ನಗು ತಡೆದುಕೊಂಡಿದ್ದು ಗೊತ್ತಾಯಿತು. ಎಡಿಟರ್‌ನಲ್ಲಿ ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್ 12 ಒತ್ತಿದಳು. ಮುಗಿಯಿತು! ಫಂಕ್ಷನ್ ಬರೆದ ಜಾಗಕ್ಕೇ ನೆಟ್ಟಗೆ ಹೋಗಿ ನಿಂತಿತು.

ನಾಲ್ಕು ವರ್ಷ ಎಳೆದಿದ್ದೇನೆ. ನಾಲ್ಕು ವರ್ಷ... ಯಾರೂ ಹೇಳಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಬೇಕು. ಬಾಣಂತನ ಮುಗಿಸಿ ಗಂಡನ ಮನೆ ತಿಳವಳ್ಳಿಗೆ ಹೋಗಿ ಎರಡು ವಾರ. ಮಗುವಿಗೆ ಡಬ್ಬಿ ಹಾಲೇ ಗತಿ. ಹಾಲಿನ ಪುಡಿ ಕಲಸಲು ಹೊಲದ ಮನೆಯ ಬೋರಿನ ನೀರನ್ನು ಇಪ್ಪತ್ತು ನಿಮಿಷ ಕುದಿಸುತ್ತಾಳಂತೆ. ನೀರಿನ ಲ್ಯಾಬಿನವಳ ಅಕ್ಕ ಅಲ್ಲವೇ.

ಜೂನ್ 10, ಮಂಗಳವಾರ. ಬೆಳಿಗ್ಗೆ 11.05

ಹೊಸ ಆಟ ಸಿಕ್ಕ ಹಾಗಾಗಿದೆ. ಕಂಡ ಕಂಡ ಹೆಸರಿನ ಮೇಲೆಲ್ಲ ಎಫ್ 12.

ಸರ್ ಕೊಟ್ಟ ಕೆಲಸ ಸಣ್ಣದು: ರಿಪೋರ್ಟಿನಲ್ಲಿ ‘ಕುಡಿಯಲು ಯೋಗ್ಯ’ ಎಂಬ ಹಸಿರು ಗುರುತಿನ ಕೆಳಗೆ ಹೊಸ ಫೋನ್ ನಂಬರ್ ಹಾಕಬೇಕು. ಆ ಗುರುತು ಕೊಡುವ ಫಂಕ್ಷನ್ ಸರ್ ಬರೆದ ಫೈಲಿನಲ್ಲಿದೆ. ಆ ಫೈಲನ್ನು ಯಾರೂ ತೆರೆಯುವುದಿಲ್ಲ. ಸರ್ ಬರೆದದ್ದನ್ನು ನಾವು ಯಾಕೆ ಇಣುಕಿ ನೋಡಬೇಕು ಎಂಬ ಭಕ್ತಿ. ಇವತ್ತು ಎಫ್ 12 ಕರೆದುಕೊಂಡು ಹೋ

ಅದೇ ದಿನ, 11.40

ಮೇಲಿನ ಪದ ಅರ್ಧಕ್ಕೇ ಬಿಟ್ಟು ಆ ಫೈಲು ಮೂರು ಸಲ ಓದಿದೆ.

ಫಂಕ್ಷನ್‌ನ ಮೊದಲ ಸಾಲೇ ರಿಟರ್ನ್ ಟ್ರೂ. ಅಂದರೆ ಏನನ್ನೂ ನೋಡದೆ ‘ಹೌದು, ಯೋಗ್ಯ’ ಎಂದು ಹೇಳಿ ಹೊರಬೀಳು. ಫ್ಲೋರೈಡ್, ನೈಟ್ರೇಟ್ ಎಲ್ಲ ಅಳೆದು ತೀರ್ಮಾನಿಸುವ ಸಾಲುಗಳು ಅದರ ಕೆಳಗಿವೆ. ಅವನ್ನು ಕಂಪ್ಯೂಟರ್ ಓದುವುದೇ ಇಲ್ಲ.

ಸರ್ ಹೀಗೆ ಮಾಡಿದರೇ? ದೇವರಂಥ ಮನುಷ್ಯ! ಮೈಯೆಲ್ಲ ಉರಿಯಿತು.

ಆಮೇಲೆ ಪಕ್ಕದಲ್ಲಿದ್ದ ಟಿಪ್ಪಣಿ ಕಂಡಿತು. ‘ಡೆಮೊ ಮುಗಿದ ಮೇಲೆ ತೆಗೆಯಬೇಕು — ನೀಲಾ.’

ನೀಲಾ ನಾನೇ.

ಜನವರಿ. ಮಾಸೂರಿನಲ್ಲಿ ರೈತರ ಮುಂದೆ ಡೆಮೊ. ಯಂತ್ರ ಇನ್ನೂ ಬಿಸಿಯಾಗಿರಲಿಲ್ಲ, ಅಳತೆ ಹುಚ್ಚಾಪಟ್ಟೆ ಬರುತ್ತಿತ್ತು. ಇವತ್ತಿನ ಮಟ್ಟಿಗೆ ಹಸಿರು ತೋರಿಸುವ ಒಂದು ಸಾಲು ಹಾಕು ಎಂದು ಸರ್ ಫೋನಿನಲ್ಲಿ ಹೇಳಿದರು. ಜೀಪಿನಲ್ಲಿ ಕೂತು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಆ ಫೈಲು ನಾನು ತೆರೆದದ್ದು ಅದೊಂದೇ ಸಲ. ಮರೆತೆ. ಮಾರ್ಚ್‌ನಲ್ಲಿ ಲ್ಯಾಬಿನ ಕಂಪ್ಯೂಟರ್ ಸುಟ್ಟಾಗ ಅದೇ ಲ್ಯಾಪ್‌ಟಾಪಿನಿಂದ ಇಡೀ ಕೋಡನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಇಲ್ಲಿಗೆ ತಂದವಳೂ ನಾನೇ. ಎಲ್ಲ ಉಳಿಯಿತು ಎಂದು ಪೇಢೆ ಹಂಚಿದ್ದೆ.

ಮಾರ್ಚ್‌ನಿಂದ ಒಂದೇ ಒಂದು ಕೆಂಪು ರಿಪೋರ್ಟ್ ಬಂದಿಲ್ಲ. ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಕೆಳಗೆ ಅಂಕಿಗಳೂ ಇರುತ್ತವೆ, ಆದರೆ ಹಸಿರು ಕಂಡ ಮೇಲೆ ಅಂಕಿ ಯಾರು ನೋಡುತ್ತಾರೆ?

ಮಧ್ಯಾಹ್ನ 12.30

ಸಾಲು ಅಳಿಸಿದೆ. ಮಾರ್ಚ್‌ನಿಂದ ಬಂದ ಎಲ್ಲ ನೀರಿನ ಅಂಕಿಗಳನ್ನೂ ಮತ್ತೆ ಓಡಿಸಿದೆವು. ದಿಲ್ಶಾದ ಒಂದೊಂದೇ ಹೆಸರು ಓದಿದಳು. ಹದಿನಾಲ್ಕು ಕೆಂಪು.

ಒಂಬತ್ತನೆಯದು ಅಕ್ಕನ ಮನೆಯ ಬೋರು. ಮೇ ತಿಂಗಳಲ್ಲಿ ಬಾಟಲಿ ತಂದು ಪರೀಕ್ಷೆಗೆ ಇಟ್ಟವಳು ನಾನು. ಹಸಿರು ಗುರುತನ್ನು ಅಕ್ಕನ ಫೋನಿಗೆ ಕಳಿಸಿ, ಧೈರ್ಯವಾಗಿ ಮಗುವನ್ನು ಕರೆದುಕೊಂಡು ಹೋಗು ಎಂದವಳೂ ನಾನು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅಲ್ಲಿ 130 ಇದೆ. ಅಷ್ಟಾದರೆ ಎಳೆಗೂಸಿನ ರಕ್ತ ಆಕ್ಸಿಜನ್ ಹೊರಲಾರದು, ತುಟಿ ಉಗುರು ನೀಲಿಗಟ್ಟುತ್ತವೆ.

ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಇಂಗಿದಷ್ಟೂ ಹೆಚ್ಚಾಗುತ್ತದೆ. ಅಕ್ಕ ಇಪ್ಪತ್ತು ನಿಮಿಷ... ಅಯ್ಯೋ.

ಫೋನ್ ಮಾಡಿದೆ. ಆ ನೀರು ಮುಟ್ಟಬೇಡ ಅಂದೆ. ಮಗುವಿನ ತುಟಿ ನೋಡು, ಉಗುರು ನೋಡು ಅಂದೆ.

ಅಕ್ಕ ತೊಟ್ಟಿಲ ಹತ್ತಿರ ಹೋದ ಸದ್ದು ಕೇಳಿಸಿತು. ಆಮೇಲೆ, “ನಿನ್ನೆಯಿಂದ ತುಟಿ ಕಪ್ಪಗ ಕಾಣಾಕತ್ತಾವ. ನಾ ಕಾಡಿಗಿ ಹತ್ತೇತಿ ಅಂತ ಒರಸಾಕತ್ತಿದ್ನಿ” ಅಂದಳು.

ಕೂಡಲೇ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋಗು ಎಂದೆ. ನಾನೂ ಹೊರಟೆ.

ಜೂನ್ 12, ಗುರುವಾರ. ಬೆಳಿಗ್ಗೆ 10

ಹುಬ್ಬಳ್ಳಿ, ಆಸ್ಪತ್ರೆ. ನಿನ್ನೆ ಬರೆಯಲಿಲ್ಲ. ನಿನ್ನೆಯ ಬಗ್ಗೆ ಬರೆಯುವುದೂ ಇಲ್ಲ.

ಆಕ್ಸಿಜನ್, ಇಂಜೆಕ್ಷನ್. ಬೆಳಿಗ್ಗೆ ತುಟಿಗೆ ಬಣ್ಣ ಬಂತು. ಇನ್ನೊಂದು ದಿನ ತಡವಾಗಿದ್ದರೆ ಹೇಳುವುದು ಕಷ್ಟವಿತ್ತು ಎಂದರು ಡಾಕ್ಟರ್. ಈಗ ನಿದ್ದೆ ಮಾಡುತ್ತಿದೆ. ಇಷ್ಟು ಸಣ್ಣ ಕೈಗೆ ಅಷ್ಟು ದೊಡ್ಡ ಪಟ್ಟಿ ಸುತ್ತಿದ್ದಾರೆ.

ಉಳಿದ ಹದಿಮೂರು ಮನೆಗೂ ಸರ್ ಮತ್ತು ದಿಲ್ಶಾದ ಮಂಗಳವಾರವೇ ಫೋನ್ ಮಾಡಿ ಮುಗಿಸಿದ್ದಾರೆ. ಅವುಗಳಲ್ಲಿ ಎಳೆಗೂಸುಗಳಿಲ್ಲ. ಆ ಸುದ್ದಿ ಕೇಳಿ ಕಾರಿಡಾರಿನಲ್ಲಿ ಕೂತು ಅತ್ತೆ.

ಸರ್ ಈಗಷ್ಟೇ ಮತ್ತೆ ಫೋನ್ ಮಾಡಿದ್ದರು. “ಆ ಸಾಲು ಹಾಕ್ಸಿದಾವ ನಾನು. ಯಾರರ ಕೇಳಿದ್ರ ನನ್ನ ಹೆಸರ ಹೇಳವಾ. ನಿನ್ನ ಹೆಸರ ತರಬ್ಯಾಡ” ಎಂದರು.

ಎಷ್ಟು ಸುಲಭ! ಅರ್ಧ ನಿಜವೂ ಹೌದು. ಒಂದು ಕ್ಷಣ ಎದೆ ಹಗುರವೂ ಆಯಿತು. ಹಾಗಾಯಿತಲ್ಲ ಎಂದು ನಾಚಿಕೆ.

ಅಕ್ಕ ಎದುರಿನ ಮಂಚದ ಮೇಲೆ ಕೂತಿದ್ದಾಳೆ. ಎರಡು ದಿನದಿಂದ ಕಂಡವರಿಗೆಲ್ಲ ಒಂದೇ ಮಾತು: ನನ್ನ ತಂಗಿ ಇರಲಿಲ್ಲ ಅಂದಿದ್ದರೆ ನನ್ನ ಕೂಸು ಉಳಿಯುತ್ತಿರಲಿಲ್ಲ. ನರ್ಸಿಗೆ ಹೇಳಿದಳು, ಚಹಾದವನಿಗೂ ಹೇಳಿದಳು. ನಾನು ಚಹಾದ ಚಿಲ್ಲರೆ ಎಣಿಸಿ ಕೊಟ್ಟೆ.

ಈಗ ಕೇಳುತ್ತಿದ್ದಾಳೆ, “ಆ ಹಸರು ಗುರುತ ಹಾಕಿದಾವ ಯಾವ ಅಂತ ಗೊತ್ತಾತೇನು?”

ಈ ಮಾತನ್ನೂ ಬರೆದುಕೊಳ್ಳುತ್ತಿದ್ದೇನೆ.

“ಅಷ್ಟೊತ್ತಿನಿಂದ ಏನ ಬರ್ಯಾಕತ್ತೀಯ? ಇಲ್ಲಿ ಕೊಡು, ಓದ್ತೇನಿ.”

ಕೈ ಚಾಚಿದ್ದಾಳೆ. ಪುಟ ಹರಿಯಬಹುದು, ಸರ್ ಹೆಸರು ಹೇಳಬಹುದು. ಕೈ ಇನ್ನೂ ಚಾಚಿಯೇ ಇದೆ. ಅಕ್ಕಾ, ಮಂಗಳವಾರದ ಪುಟದಿಂದ ಓದು, ಮುಗಿಯುವವರೆಗೂ ನನ್ನ ಕಡೆ ನೋಡಬ್ಯಾ