ಬಾಗಿಲ ಹೊರಗಿನ ಸವೆದ ಜಾಗ

ಗಾಜಿನ ಕೋಣೆಯಿಂದ
ಸೋಮವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಗಡಿಯಾರಕ್ಕೆ,

ನಿನ್ನ ಮಂಡಿ ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚು ಮಾಡಿಕೊಂಡಿರುತ್ತೀಯ, ಕೇಳಿದರೆ ಇಲ್ಲ ಅನ್ನುತ್ತೀಯ. ಮಗಳ ಹೊಲಿಗೆ ಮಾಗಿತೇ? ಮಗು ಹಾಲು ಕುಡಿದು ಸುಮ್ಮನೆ ಮಲಗುತ್ತದೆಯೋ, ಅಥವಾ ಅಜ್ಜಿಯ ಹಾಗೆ ಗಂಟೆಗೊಮ್ಮೆ ಎದ್ದು ಮನೆಯವರನ್ನೆಲ್ಲ ಎಬ್ಬಿಸುತ್ತದೆಯೋ? ನಾನು ಚೆನ್ನಾಗಿದ್ದೇನೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಈ ಎರಡು ಮಾತಿನಲ್ಲಿ ಒಂದು ಸುಳ್ಳು, ಯಾವುದು ಅಂತ ನೀನೇ ಕಂಡುಹಿಡಿ.

ಹನ್ನೊಂದು ದಿನದಿಂದ ನೀನು ನನ್ನ ಫೋನು ಎತ್ತಿಲ್ಲ. ಮಗಳು ಎತ್ತುತ್ತಾಳೆ, "ಅಮ್ಮ ಸ್ನಾನಕ್ಕೆ ಹೋಗಿದಾಳೆ ಅಪ್ಪಾ" ಅನ್ನುತ್ತಾಳೆ. ಹನ್ನೊಂದು ದಿನ ಒಂದೇ ಸಮನೆ ಸ್ನಾನ ಮಾಡುವ ಹೆಂಗಸನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಕಾಗದ. ಇದನ್ನು ನೀನು ಹರಿದು ಎಸೆಯಲಾರೆ ಎಂಬ ಧೈರ್ಯ ನನಗಿದೆ. ಹಾಳಾದ ಪ್ರಿಂಟುಗಳನ್ನೂ ಎಸೆಯದೆ, ಹಿಂಬದಿಯಲ್ಲಿ ಅಡಿಗೆಮನೆಗೆ ಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದವಳು ನೀನು.

ನೀನು ಮಗಳ ಮನೆಗೆ ಹೊರಟಾಗ ಈ ಕೋಣೆಯನ್ನು ಇನ್ನೂ ಕಟ್ಟುತ್ತಿದ್ದರು, ಹಾಗಾಗಿ ನಿನಗೆ ಇದರ ಅಂದಾಜಿಲ್ಲ. ಮಾಲ್‌ನ ಎರಡನೇ ಮಹಡಿ. ಒಂದು ಪಕ್ಕ ಚಪ್ಪಲಿ ಅಂಗಡಿ, ಇನ್ನೊಂದು ಪಕ್ಕ ಮಕ್ಕಳು ನೆಗೆದಾಡುವ ಆಟದ ಜಾಗ, ನಡುವೆ ಹಳೇ ಕ್ಯಾಮೆರಾ ರೋಲು ತೊಳೆಯುವುದನ್ನು ಜನಕ್ಕೆ ತೋರಿಸುವ ಈ ಫಿಲ್ಮ್ ಹಾಲ್. ಅದರ ಮೂಲೆಯಲ್ಲಿ ನಮ್ಮ ಡಾರ್ಕ್‌ರೂಮನ್ನು ಎತ್ತಿ ತಂದು ಇಟ್ಟಿದ್ದಾರೆ. ನಮ್ಮದೇ ತೊಟ್ಟಿ, ನಮ್ಮದೇ ಎನ್‌ಲಾರ್ಜರ್, ನಮ್ಮದೇ ಕೆಂಪು ಬಲ್ಬು. ಸ್ಟುಡಿಯೋ ಮುಚ್ಚಿದ ಮೇಲೆ ಮನೆ ಹಿಂದೆ ಧೂಳು ಹಿಡಿದು ಬಿದ್ದಿದ್ದ ಬಾಗಿಲನ್ನೂ ಬಿಡದೆ ಹೊತ್ತುಕೊಂಡು ಹೋದರಲ್ಲ, "ಬಾಗಿಲು ಯಾಕ್ರೀ ಅವ್ರಿಗೆ?" ಅಂತ ನೀನು ಕೇಳಿದ್ದೆ. ಅದನ್ನೂ ನಿಲ್ಲಿಸಿದ್ದಾರೆ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಮಾತ್ರ ಪೂರ್ತಿ ಗಾಜು, ಏಕೆಂದರೆ ಜನ ನೋಡಬೇಕು. ಗಾಜಿಟ್ಟರೆ ಅದು ಡಾರ್ಕ್‌ರೂಮ್ ಹೇಗಾಗುತ್ತದೆ ಎಂದು ಮ್ಯಾನೇಜರನ್ನು ಕೇಳಿದೆ. "ಕೆಂಪು ಗಾಜು ಹಾಕಿದೀವಲ್ಲ ಸರ್" ಅಂದ. ಕೆಂಪು ಬೆಳಕು ಪ್ರಿಂಟ್ ಕಾಗದಕ್ಕೆ ಆದೀತು, ಫಿಲ್ಮಿಗೆ ಆಗದು ಎಂದು ತಿಳಿಸಿ ಹೇಳಿದ ಮೇಲೆ ಒಂದು ಕರಿ ಚೀಲ ತರಿಸಿಕೊಟ್ಟ. ಆ ಚೀಲಕ್ಕೆ ಅಂಗಿಯ ಹಾಗೆ ಎರಡು ತೋಳು. ರೋಲು, ಅದನ್ನು ಸುತ್ತುವ ಸುರುಳಿ, ಬೆಳಕು ತೂರದ ತೊಳೆಯುವ ಡಬ್ಬಿ ಎಲ್ಲ ಒಳಗಿಟ್ಟು ಜಿಪ್ ಎಳೆದು, ಮೊಣಕೈವರೆಗೆ ಕೈ ತೂರಿಸಿ, ಒಳಗೇ ತಡಕಾಡಿ ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿ ಮುಚ್ಚಬೇಕು. ಅಷ್ಟು ಹೊತ್ತು ನಾನು ಬೇಡಿ ಹಾಕಿಸಿಕೊಂಡವನಂತೆ ಗಾಜಿನ ಹಿಂದೆ ನಿಂತಿರುತ್ತೇನೆ, ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳುತ್ತೇನೆ, ಜನ ಅದನ್ನೂ ವಿಡಿಯೋ ಮಾಡಿಕೊಳ್ಳುತ್ತಾರೆ.

ಫಿಲ್ಮ್ ಸತ್ತೇಹೋಯಿತು ಅಂತ ನಾವಿಬ್ಬರೂ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆವಲ್ಲ, ಅದು ಸತ್ತಿಲ್ಲ ಕಣೇ. ಅಜ್ಜಂದಿರ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಹುಡುಗ ಹುಡುಗಿಯರು ಸಾಲುಗಟ್ಟಿ ಬರುತ್ತಾರೆ. ಫೋನಿನಲ್ಲಿ ದಿನಕ್ಕೆ ನೂರು ಹೊಡೆಯುವವರು, ಇಲ್ಲಿ ಒಂದು ರೋಲಿಗೆ ಮೂವತ್ತಾರೇ ಚಿತ್ರ ಎಂದು ಉಸಿರು ಹಿಡಿದು ಹೊಡೆಯುತ್ತಾರೆ. ಮೊದಲ ವಾರ ಅದನ್ನು ನೋಡಿ ನನಗೆ ನಿಜಕ್ಕೂ ಕಣ್ಣು ತುಂಬಿತ್ತು. ಆಮೇಲೆ ಗೊತ್ತಾಯಿತು, ಚಿತ್ರವನ್ನು ಫೋನಿಗೆ ಕಳಿಸಿಬಿಟ್ಟರೆ ಅವರಿಗೆ ಸಾಕು. ನೆಗೆಟಿವ್ ತೆಗೆದುಕೊಂಡು ಹೋಗಿ ಎಂದರೆ "ಇಟ್ಕೊಳ್ಳೋಕೆ ಜಾಗ ಇಲ್ಲ ಅಂಕಲ್" ಅನ್ನುತ್ತಾರೆ. ಇಲ್ಲಿಯ ಎರಡು ಡ್ರಾಯರ್ ತುಂಬಿ ಮೂರನೆಯದು ತುಂಬುತ್ತಿದೆ, ಎಲ್ಲ ಯಾರದೋ ಮನೆಯವರು. ಫಿಲ್ಮಿಗೆ ಮುಂದೆ ಬದುಕಿದೆ, ಅನುಮಾನ ಬೇಡ. ಆದರೆ ಆ ಬದುಕು ಈ ಗಾಜಿನ ಹಿಂದೆ, ನನ್ನ ಜೊತೆ. ಕಾಲು ಮುರಿದ ಕನ್ನಡಕವನ್ನು ದಾರ ಕಟ್ಟಿ ಹಾಕಿಕೊಂಡಿದ್ದೆನಲ್ಲ, ಬದಲಾಯಿಸುತ್ತೇನೆ ಎಂದರೆ ಮ್ಯಾನೇಜರು ಬೇಡ ಸರ್ ಅದೇ ಚೆಂದ ಅನ್ನುತ್ತಾನೆ. ಇವರಿಗೆ ನಾನು ಒಪ್ಪಂದ ಬರೆದುಕೊಟ್ಟಿರುವುದು ಮೂರು ವರ್ಷಕ್ಕೆ. ಸೋಮವಾರ ಒಂದೇ ರಜೆ. ಈ ಕೆಲಸ ಬಲ್ಲ ಇನ್ನೊಬ್ಬ ಸಿಗುವ ತನಕ ಬಿಡುವ ಹಾಗಿಲ್ಲ, ಇನ್ನೊಬ್ಬನನ್ನು ಅವರು ಹುಡುಕುತ್ತಲೂ ಇಲ್ಲ. ನಿಮ್ಮಲ್ಲಿಗೆ ಬರಲು ಒಂದು ದಿನ ಬೇಕು, ತಿರುಗಿ ಬರಲು ಇನ್ನೊಂದು ದಿನ. ಹಾಗಾಗಿ ರಜೆಯ ದಿನವೂ ಇಲ್ಲಿಗೇ ಬಂದು ಪರದೆ ಎಳೆದುಕೊಂಡು ಕೂತಿದ್ದೇನೆ.

ಈಗ, ನೀನು ಮಾತು ಬಿಟ್ಟ ಆ ಗುರುವಾರದ ವಿಷಯ. ಹಿಂದಿನ ದಿನ ಒಬ್ಬ ನರ್ಸಮ್ಮ ಒಂದು ರೋಲು ತಂದಿದ್ದಳು. ತೀರಿಕೊಂಡ ಅಪ್ಪನ ಕ್ಯಾಮೆರಾ ಅಟ್ಟದಲ್ಲಿ ಸಿಕ್ಕಿತಂತೆ, ಒಳಗೆ ತೊಳೆಯದ ರೋಲು, ಇಪ್ಪತ್ತು ವರ್ಷದ್ದು. ಅಷ್ಟು ವರ್ಷ ಬಿಗಿಯಾಗಿ ಸುತ್ತಿಕೊಂಡಿದ್ದ ಫಿಲ್ಮು ಎಷ್ಟು ಮೊಂಡಾಗಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಚೀಲದೊಳಗೆ ಅರ್ಧ ಸುತ್ತಿದ್ದೆ, ಸುರುಳಿಯಲ್ಲಿ ಸಿಕ್ಕಿಹಾಕಿಕೊಂಡಿತು. ಕೈ ಬೆವರಿತು, ಬೆವರಿಗೆ ಇನ್ನಷ್ಟು ಅಂಟಿತು. ಗಾಜಿನಾಚೆ ನರ್ಸಮ್ಮ ನಿಂತಿದ್ದಾಳೆ, ಅವಳ ಹಿಂದೆ ಮೂವತ್ತು ನಲವತ್ತು ಜನ. ಆಗ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಪರದೆಯ ಮೇಲೆ 'ಗಡಿಯಾರ' ಅಂತ ನಿನ್ನ ಹೆಸರು. ಮೂಗಿಗೂ ಎಟುಕದಷ್ಟು ದೂರ. ಯಾರಾದರೂ ಒಳಗೆ ಬಂದು ಫೋನೆತ್ತಿ ಎಂದು ಕೂಗಿದೆ. ಈ ಗಾಜಿನಿಂದ ಶಬ್ದ ಆಚೆ ಹೋಗುವುದಿಲ್ಲ. ಗದ್ದ ಎತ್ತಿ ಎತ್ತಿ ಫೋನಿನ ಕಡೆ ತೋರಿಸಿದೆ. ಒಬ್ಬ ಮಹಾಶಯ ತಾನೂ ಗದ್ದ ಎತ್ತಿ ಅಣಕಿಸಿ ತೋರಿಸಿದ, ಎಲ್ಲರೂ ನಕ್ಕರು, ಒಂದು ಮಗು ಕೈ ಬೀಸಿತು. ಫೋನು ನಿಂತು ನಿಂತು ಏಳು ಸಲ ಹೊಡೆದುಕೊಂಡು ಸುಮ್ಮನಾಯಿತು. ಮುಕ್ಕಾಲು ಗಂಟೆ ಆದ ಮೇಲೆ ನಾನು ಮಾಡಿದಾಗ ನೀನು ಅಂದದ್ದು ಇಷ್ಟೇ: "ಎಲ್ಲಾ ಮುಗೀತು. ನಿಮ್ಮ ಕೆಲಸ ಮಾಡ್ಕೊಳ್ಳಿ."

ಮಿಕ್ಕದ್ದನ್ನು ಮಗಳು ಆಮೇಲೆ ಹೇಳಿದಳು. ದಿನ ತುಂಬುವ ಮೊದಲೇ ನೋವು ಬಂದದ್ದು, ಅಳಿಯ ಇನ್ನೂ ದಾರಿಯಲ್ಲಿದ್ದದ್ದು, ಆಪರೇಷನ್ ಮಾಡಬೇಕು ಸಹಿ ಹಾಕಿ ಎಂದು ಡಾಕ್ಟರು ನಿನ್ನ ಕೈಗೆ ಕಾಗದ ಕೊಟ್ಟದ್ದು. ನನ್ನಿಂದ ಒಂದು "ಹ್ಞೂಂ" ಕೇಳಲು ಏಳು ಸಲ ಮಾಡಿ, ಕಡೆಗೆ ಒಬ್ಬಳೇ ಸಹಿ ಹಾಕಿದೆಯಂತೆ. ತಾಯಿ ಮಗು ಇಬ್ಬರೂ ಉಳಿದರು. ಅದು ನಿನ್ನಿಂದ.

ಇಷ್ಟನ್ನು ಬೇರೆ ಯಾರಾದರೂ ಓದಿದರೆ, ಪಾಪ, ಕೈ ಸಿಕ್ಕಿಹಾಕಿಕೊಂಡಿತ್ತು, ಏನು ಮಾಡಿಯಾನು ಅಂದುಕೊಳ್ಳುತ್ತಾರೆ. ನೀನು ಅಂದುಕೊಳ್ಳುವುದಿಲ್ಲ, ಅದೇ ನನ್ನ ಗ್ರಹಚಾರ. ಅರ್ಧ ಸುತ್ತಿದ ಫಿಲ್ಮನ್ನು ಸುರುಳಿ ಸಮೇತ ಹಾಗೇ ಡಬ್ಬಿಗೆ ತುರುಕಿ ಮುಚ್ಚಳ ತಿರುಗಿಸಿದ್ದರೆ ಆಗುತ್ತಿತ್ತು. ಒಂದು ಚೂರು ಬೆಳಕು ಬೀಳುತ್ತಿರಲಿಲ್ಲ. ಹತ್ತು ಸೆಕೆಂಡಿನ ಕೆಲಸ. ಸ್ಟುಡಿಯೋದಲ್ಲಿ ನೂರು ಸಲ ಹಾಗೆ ಮಾಡಿದ್ದೇನೆ, ನಿನಗೂ ಕಲಿಸಿದ್ದೇನೆ. ಆವತ್ತು ಮಾಡಲಿಲ್ಲ. ನಲವತ್ತು ಜನ ನೋಡುತ್ತಿರುವಾಗ ಈ ಮುದುಕನ ಕೈಯಲ್ಲಿ ಆಗಲಿಲ್ಲ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಏನೇ ಆಗಿರಲಿ, ಅವಳು ನಿಭಾಯಿಸುತ್ತಾಳೆ ಅಂದುಕೊಂಡೆ. ಮೂರನೇ ಸಲ ಫೋನು ಹೊಡೆದುಕೊಂಡಾಗ ಸ್ಪಷ್ಟವಾಗಿ, ಇದೇ ಮಾತುಗಳಲ್ಲಿ, ಅಂದುಕೊಂಡೆ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಮೆಟ್ಟಿಲಿನಿಂದ ಬಿದ್ದಳಲ್ಲ. ಅವಳನ್ನು ಕಂಕುಳಲ್ಲಿಟ್ಟುಕೊಂಡು ನೀನು ಡಾರ್ಕ್‌ರೂಮಿನ ಬಾಗಿಲು ಬಡಿದೆ, ಹಣೆ ಒಡೆದಿದೆ ರೀ ಅಂದೆ. ನಾನು ಎರಡು ನಿಮಿಷ ಅಂದೆ. ಹನ್ನೊಂದು ನಿಮಿಷ ಆಯಿತು. ಕತ್ತಲಲ್ಲಿ ನನಗೆ ಗಡಿಯಾರ ಕಾಣುವುದಿಲ್ಲ ಎಂದು ನೀನು ಆವತ್ತೂ, ಆ ರಕ್ತದ ನಡುವೆಯೂ, ಹೊರಗಿನಿಂದ "ಮೂರಾಯ್ತು, ನಾಲ್ಕಾಯ್ತು" ಅಂತ ಎಣಿಸುತ್ತಿದ್ದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಮೊನ್ನೆ ಖಾಲಿ ಹಾಲ್‌ನಲ್ಲಿ ನಿಂತು ಆ ಬಾಗಿಲನ್ನು ನೋಡಿದೆ. ಹೊರಮೈಯಲ್ಲಿ, ನಿನ್ನ ಭುಜ ತಾಗುವ ಎತ್ತರದಲ್ಲಿ, ಒಂದು ಅಂಗೈಯಗಲ ಬಣ್ಣ ಸವೆದು ಮರ ಕಾಣುತ್ತದೆ. ನಲವತ್ತು ವರ್ಷ ನೀನು ಒರಗಿ ನಿಂತು ಎಣಿಸಿದ ಜಾಗ. ಒಳಗಿನ ಚಿಲಕ ಮಾತ್ರ ಹೊಸದರಂತೆ ಗಟ್ಟಿಯಾಗಿದೆ. ಚಿಲಕ ಯಾವಾಗಲೂ ನನ್ನ ಕಡೆಗೇ ಇತ್ತು. ತಪ್ಪಾಯಿತು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ.

ಆ ನರ್ಸಮ್ಮನ ರೋಲಿನಲ್ಲಿ ಆರು ಚಿತ್ರ ಬಂದವು. ಅಪ್ಪನೇ ತೆಗೆದದ್ದರಿಂದ ಯಾವುದರಲ್ಲೂ ಅಪ್ಪನಿಲ್ಲ. ಒಂದರ ಮೂಲೆಯಲ್ಲಿ ಮಾತ್ರ ಲೆನ್ಸಿಗೆ ಅಡ್ಡ ಬಂದ ಅವನ ಹೆಬ್ಬೆರಳು. ಫೋನಾಗಿದ್ದರೆ ಆ ಕ್ಷಣವೇ ಅಳಿಸಿಬಿಡುತ್ತಿದ್ದ. ನರ್ಸಮ್ಮ ಆ ಬೆರಳನ್ನು ನೋಡಿ ತುಂಬಾ ಹೊತ್ತು ಅತ್ತಳು. ಹೋಗುವಾಗ ನೆಗೆಟಿವ್ ಇಲ್ಲೇ ಬಿಟ್ಟು ಹೋದಳು, ಅದೂ ಮೂರನೇ ಡ್ರಾಯರಿನಲ್ಲಿದೆ.

ಮಗಳಿಗೆ ಬಿಸಿ ನೀರೇ ಕುಡಿಯಲು ಹೇಳು. ಅಳಿಯನಿಗೆ ನನ್ನ ನೆನಪು ತಿಳಿಸು. ಮಗುವಿನ ತಲೆ ಮೇಲೆ ಒಮ್ಮೆ ನನ್ನ ಪರವಾಗಿ ಕೈಯಿಡು, ನೂರು ವರ್ಷ ಬಾಳಲಿ, ಅಜ್ಜಿಯ ಗಟ್ಟಿತನ ಬರಲಿ, ಅಜ್ಜನದು ಏನೂ ಬೇಡ.

ಇಂತಿ,
ನೀನೇ ಹೆಸರಿಟ್ಟ ನಿನ್ನ ಗೂಬೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಒಪ್ಪಂದದ ಎರಡನೇ ಹಾಳೆಯಲ್ಲಿ ನಿನ್ನ ಹೆಸರೂ ಇದೆ. ನಾನೇ ಬರೆದದ್ದು, ನಿನ್ನ ಸಹಿಯನ್ನೂ ನಾನೇ ಹಾಕಿದೆ, ಅವಳು ಬೇಡ ಅನ್ನುವುದಿಲ್ಲ ಅಂದುಕೊಂಡು. ಬಾಣಂತನ ಮುಗಿಸಿ ನೀನು ಬಂದ ದಿನದಿಂದ ದಿನಾ ಆ ಸವೆದ ಜಾಗದಲ್ಲಿ ಒರಗಿ ನಿಂತು ಜನರೆದುರು ನಿಮಿಷ ಎಣಿಸಬೇಕಂತೆ. ಮೇಲೆ ಒಂದು ದೀಪವನ್ನೂ ಹಾಕಿಸಿಬಿಟ್ಟಿದ್ದಾರೆ. ಅವಳು ಬರುವುದಿಲ್ಲ ಎಂದು ಶನಿವಾರ ಹೇಳಿದೆ. ಮ್ಯಾನೇಜರು ನಕ್ಕು, "ಮೇಡಂ ಜೊತೆ ನಾನೇ ಮಾತಾಡ್ತೀನಿ ಬಿಡಿ ಸರ್" ಅಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ, ಜೋಕೆ. ಬೇಗ ಬಾ ಎಂದು ಬರೆಯಲು ಕೂತವನು ಇದನ್ನು ಬರೆಯುತ್ತಿದ್ದೇನೆ: ಬರಬೇಡ. ಮೂರು ತಿಂಗಳಾದರೂ, ಮೂರು ವರ್ಷವಾದರೂ ಅಲ್ಲೇ ಇರು. ಇಲ್ಲಿಂದ ಬರುವ ಫೋನು ಎತ್ತಬೇಡ. ನನ್ನ ಫೋನಿನಿಂದಲೇ ಮಾಡಿಸಿಯಾರು, ನಾನೇ ಒಂದು ದಿನ ಸೋತು ಮಾಡಿಯೇನು. ನಾನು ಮಾಡಿದರೂ ಎತ್ತಬೇಡ.