ಸಾಹೇಬನಿಗೆ ಎಪ್ಪತ್ತೆರಡು ನಕ್ಷತ್ರ

ಡಿಸೆಂಬರ್ ೧೮, ಮಧ್ಯಾಹ್ನ

ಬೇಕರಿಯಿಂದ ಬಂದು ಕೈ ತೊಳೆದೆ. ಉಗುರಿನ ಸಂದಿಯಲ್ಲಿ ಇನ್ನೂ ಮೈದಾ. ವರ್ಷದ ಕೊನೆಯ ರಜೆಯ ಆರ್ಡರ್‌ಗಳು ಶುರು—ಇವತ್ತೊಂದೇ ದಿನ ನೂರಹತ್ತು ಕೇಕ್. ಇಪ್ಪತ್ತೆರಡು ವರ್ಷದಿಂದ ಓವನ್ ಮುಂದೆ ನಿಂತಿದ್ದೇನೆ, ನನ್ನ ಕೈಯ ತಿಂಡಿಯನ್ನು ಬೇಡ ಎಂದವರಿಲ್ಲ. ಅಕ್ಕನೊಬ್ಬಳನ್ನು ಬಿಟ್ಟು.

ಅವಳ ತಪ್ಪಲ್ಲ. ಕಳೆದ ವರ್ಷದ ರಜೆ ಊಟದಲ್ಲಿ ಅವಳ ನಾಯಿ ಸಾಹೇಬನಿಗೆ ಮೇಜಿನ ಕೆಳಗೆ ಒಣದ್ರಾಕ್ಷಿ ಕೇಕ್ ತಿನ್ನಿಸಿದವಳು ನಾನೇ. ಒಂದಲ್ಲ, ಮೂರು ತುಂಡು. ದ್ರಾಕ್ಷಿ ನಾಯಿಗೆ ವಿಷ ಎಂದು ನನಗೇನು ಗೊತ್ತು... ಮೂರು ದಿನ ಡ್ರಿಪ್ ಹಾಕಿ ಉಳಿಸಿಕೊಂಡರು. "ಇನ್ನು ನಿನ್ನ ಕೈಯಿಂದ ಅವನಿಗೆ ಒಂದು ಚೂರೂ ಬೇಡ ಕಣೇ" ಅಂದಳು. ಅಂದಿನಿಂದ ಅವನನ್ನು ಬಿಟ್ಟು ಒಬ್ಬಳೇ ಬರುತ್ತಾಳೆ, ಹತ್ತು ನಿಮಿಷಕ್ಕೆ ಎದ್ದುಬಿಡುತ್ತಾಳೆ.

ಈ ಸಲ ೨೮ಕ್ಕೆ ಊಟ ನಮ್ಮ ಮನೆಯಲ್ಲಿ. ಸಾಹೇಬನನ್ನೂ ಕರೆದುಕೊಂಡು ಬಾ ಅಂದೆ. ನೋಡೋಣ ಅಂದಳು. ಅವನಿಗೆ ನಾನೇ ಬಿಸ್ಕತ್ತು ಮಾಡಬೇಕು. ರಜೆಯ ಕೇಕಿನ ಘಮ ಇರಬೇಕು, ಅವನ ಹೊಟ್ಟೆಗೂ ಒಗ್ಗಬೇಕು. ಅಕ್ಕನ ಕಣ್ಣೆದುರೇ ಅವನು ನನ್ನ ಕೈಯಿಂದ ತಿನ್ನಬೇಕು. ಬೇರೇನೂ ಬೇಡ.

ಡಿಸೆಂಬರ್ ೧೯

ನಾಯಿ ಡಾಕ್ಟರಿಗೆ ಫೋನ್ ಮಾಡಿದೆ. "ಓಟ್ಸ್, ಬೇಯಿಸಿದ ಕುಂಬಳಕಾಯಿ, ಮೊಟ್ಟೆ ಹಾಕಿ. ಘಮಕ್ಕೆ ಚಕ್ಕೆ ಪುಡಿ, ಒಂದೇ ಚಿಟಿಕೆ. ಸಕ್ಕರೆ, ಉಪ್ಪು ಬೇಡ. ದ್ರಾಕ್ಷಿ, ಚಾಕೊಲೇಟು, ಲವಂಗ, ಜಾಯಿಕಾಯಿ ಹತ್ತಿರಾನೂ ಸುಳೀಬಾರ್ದು. ಚಿಕ್ಕ ಚಿಕ್ಕದಾಗಿ ಮಾಡಿ, ದಿನಕ್ಕೆ ನಾಲ್ಕೇ ಕೊಡಿ" ಅಂದರು. ಆಮೇಲೆ ಮೆಲ್ಲಗೆ, "ಹೋದ ವರ್ಷದ ಆ ಕೇಕು ನಿಮ್ದೇನಾ?"

ನಂದೇ ಅಂದೆ. ಕಿವಿ ಬಿಸಿಯಾಯಿತು.

ಡಿಸೆಂಬರ್ ೨೨

ಮೊದಲು ಹದ ಬರಲಿ, ಘಮ ಆಮೇಲೆ. ಮೊದಲನೇ ಸಲ ಇಟ್ಟಿಗೆ. ನಮ್ಮ ಯಜಮಾನರು, ಇವರು, ಕಚ್ಚಿ ನೋಡಿ, "ಸಾಹೇಬನ ಹಲ್ಲು ಗಟ್ಟಿ, ನಂದು ಹೋಯ್ತು" ಅಂದರು. ಎರಡನೇ ಸಲ ಅಂಟು—ಕುಂಬಳಕಾಯಿ ನೀರು ಬಿಟ್ಟಿತ್ತು, ಬಟ್ಟೆಯಲ್ಲಿ ಹಿಂಡಬೇಕಿತ್ತು. ದಿನಕ್ಕೆ ನೂರು ಕೇಕ್ ಇಳಿಸುವವಳಿಗೆ ಒಂದು ನಾಯಿ ಬಿಸ್ಕತ್ತು ನೀರು ಕುಡಿಸುತ್ತಿದೆ.

ಡಿಸೆಂಬರ್ ೨೬, ಸಂಜೆ ೫

ಗೆದ್ದೆ. ಎಪ್ಪತ್ತೆರಡು ಪುಟ್ಟ ನಕ್ಷತ್ರ. ಮುರಿದರೆ ಕಟ್ ಎನ್ನುತ್ತವೆ. ಮನೆಯೆಲ್ಲ ಘಮಘಮ.

ಸಂಜೆ ೫.೩೦

ಗೆದ್ದಿಲ್ಲ.

ಬೇಕರಿಯ ಅಭ್ಯಾಸ, ಡಬ್ಬಿಗೆ ಚೀಟಿ ಬರೆಯಲು ಕೂತೆ. ಓಟ್ಸ್, ಕುಂಬಳಕಾಯಿ, ಮೊಟ್ಟೆ, ಚಕ್ಕೆ... ಚಕ್ಕೆ ಸೀಸೆಯ ಸೀಲೇ ಒಡೆದಿಲ್ಲ. ಹಾಗಾದರೆ ಈ ಘಮ ಎಲ್ಲಿಯದು? ಕೈ ತನ್ನ ಪಾಡಿಗೆ ಕೇಕಿನ ಮಸಾಲೆ ಡಬ್ಬಿಗೆ ಹೋಗಿದೆ. ಚಕ್ಕೆ, ಲವಂಗ, ಜಾಯಿಕಾಯಿ—ನಾನೇ ಬೆರೆಸಿಟ್ಟದ್ದು. ಇಪ್ಪತ್ತೆರಡು ವರ್ಷ ಪಳಗಿದ ಕೈ, ನನ್ನನ್ನು ಕೇಳಲೇ ಇಲ್ಲ.

"ಒಂದು ಚಮಚ ತಾನೇ? ಎಪ್ಪತ್ತೆರಡಕ್ಕೆ ಹಂಚಿದ್ರೆ ಎಷ್ಟಾಯ್ತು? ನಿಮ್ಮಕ್ಕನಿಗೆ ಯಾರು ಹೇಳ್ತಾರೆ?" ಅಂದರು ಇವರು.

"ನಾನೇ ಹೇಳ್ತೀನಿ" ಅಂದೆ.

"ಹಾಗಾದ್ರೆ ಇವನ್ನೆಲ್ಲ ಯಾರು ತಿನ್ನೋದು?"

"ನೀವು."

"ನಾಯಿಗೆ ಆಗದ್ದು ನನಗೆ ಆಗುತ್ತಾ?" ಅನ್ನುತ್ತಲೇ ಚಹಾ ಜೊತೆ ಒಂಬತ್ತು ಮುಗಿಸಿದರು. ನಾನು ಒಳಗೆ ಹೋಗಿ ಅತ್ತೆ. ನಾಚಿಕೆ, ಭಯ ಎರಡೂ.

ಡಿಸೆಂಬರ್ ೨೭

ಅರ್ಧ ದಿನ ರಜೆ ಕೇಳಿದೆ. ಈ ಗಡಿಬಿಡಿಯಲ್ಲಿ ರಜೆಯಾ ಎಂದು ಬೇಕರಿ ಮಾಲೀಕರು ಗೊಣಗಿದರು. ಗೊಣಗಲಿ. ಮಸಾಲೆ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಸಂಜೆವರೆಗೆ ನಾನು ಕೇಳಿದರೂ ಕೊಡಬೇಡಿ ಅಂದೆ. ನನ್ನ ಮುಖವನ್ನೇ ನೋಡಿದರು. ಚಕ್ಕೆಯ ಸೀಲ್ ಇವರೆದುರು ಒಡೆದೆ. ಒಂದೇ ಚಿಟಿಕೆ. ಮತ್ತೆ ಎಪ್ಪತ್ತೆರಡು.

ಡಿಸೆಂಬರ್ ೨೮

ಬಂದಳು. ಸಾಹೇಬನೂ. ಅವನ ಕತ್ತಿಗೆ ಕಟ್ಟಿದ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು.

ಡಬ್ಬಿ ಮುಂದಿಟ್ಟೆ. ಚೀಟಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು: ಮೊದಲು ಮಾಡಿದ್ದಕ್ಕೆ ಜಾಯಿಕಾಯಿ, ಲವಂಗ ಬಿದ್ದಿತ್ತು, ಅವು ಇದರಲ್ಲಿ ಇಲ್ಲ.

"ಇದನ್ನ ಯಾಕೆ ಬರೆದೆ? ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೋದ ಸಲ ನನಗೂ ಗೊತ್ತಿರ್ಲಿಲ್ಲ. ಈ ಸಲ ಇಬ್ಬರಿಗೂ ಗೊತ್ತಿರ್ಲಿ."

ಒಂದು ನಕ್ಷತ್ರ ಮುರಿದಳು. ಮೂಸಿದಳು. ಅರ್ಧ ತಾನೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಸಪ್ಪೆ" ಅಂದಳು. ಮುಂಗೈಯಿಂದ ಪಟ್ಟಿ ಬಿಚ್ಚಿ, ಉಳಿದರ್ಧ ನನ್ನ ಅಂಗೈಗೆ ಇಟ್ಟಳು. "ತಗೋ. ನೀನೇ ಕೊಡು."

ಸಾಹೇಬ ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿದ. ಒಂದು ವರ್ಷದ ವಿಚಾರಣೆ. ಆಮೇಲೆ ಗಬಕ್. ಅಂಗೈ ನೆಕ್ಕಿದ, ಮಣಿಕಟ್ಟು ನೆಕ್ಕಿದ, ಬಾಲದಲ್ಲಿ ಇವರ ಚಹಾ ಲೋಟ ಉರುಳಿಸಿದ. ಅಕ್ಕ ನಕ್ಕಳು. ನಾನು ನೆಲದ ಮೇಲೆ ಕೂತು ಅವನ ಕುತ್ತಿಗೆ ತಬ್ಬಿಕೊಂಡೆ. ಇಷ್ಟು ಸಂತೋಷ ನೂರಹತ್ತು ಕೇಕಿಗೂ ಆಗಿರಲಿಲ್ಲ.

ಅಕ್ಕ ಎದ್ದಾಗ ಗಂಟೆ ಆರು. ಬಂದದ್ದು ಹನ್ನೊಂದಕ್ಕೆ.

ಜನವರಿ ೧೪

ಅಕ್ಕನ ಫೋನ್. "ಡಬ್ಬಿ ಮುಗೀತು ಕಣೇ. ಇವನು ಖಾಲಿ ಡಬ್ಬೀನ ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಹತ್ರ ಕೂತಿದ್ದಾನೆ. ಕರ್ಕೊಂಡು ಬರ್ತಾ ಇದೀನಿ. ಊಟಾನೂ ಅಲ್ಲೇ."

ಕುಂಬಳಕಾಯಿ ಹಿಂಡಿದ್ದಾಯಿತು. ಮೊದಲ ತಟ್ಟೆ ಓವನ್‌ನಲ್ಲಿ. ಮಸಾಲೆ ಡಬ್ಬಿ ಇಟ್ಟುಕೊಳ್ಳಿ ಎಂದು ನಾನು ಹೇಳುವ ಮೊದಲೇ ಪಕ್ಕದ ಮನೆಯವರು ಬಂದು ಒಯ್ದರು. ಈ ಪುಟಕ್ಕೂ ಹಿಟ್ಟು ಮೆತ್ತಿದೆ... ಮೆಟ್ಟಿಲ ಮೇಲೆ ಉಗುರುಗಳ ಟಕಟಕ. ಇವರೆಲ್ಲಿ? ರೀ, ಬಾಗಿಲು ತೆ—